ಬೆಂಗಳೂರಿನ ಡಿಎಲ್, ಜರ್ಮನಿಯ ರಸ್ತೆ

ಜರ್ಮನಿಯ ಕಾರುಗಳೊಳಗೆ ಓಡುವ ಸಾಫ್ಟ್‌ವೇರಿನಲ್ಲಿ ಒಂದು ಪಾಲು ಬೆಂಗಳೂರಿನಲ್ಲಿ ಬರೆದದ್ದು. ಆಡುಗೋಡಿಯಲ್ಲಿ ಬಾಷ್ ಇದೆ. ಮರ್ಸಿಡಿಸ್ ಬೆಂಜ್ ತನ್ನ ಸಂಶೋಧನಾ ಕೇಂದ್ರವನ್ನು 1996ರಲ್ಲೇ ಇಲ್ಲಿ ತೆರೆಯಿತು. ಇಂಥ ಕಂಪನಿಗಳಿಂದ ಸ್ಟುಟ್‌ಗಾರ್ಟ್‌ಗೋ ಮ್ಯೂನಿಕ್‌ಗೋ ಹೋಗುವ ಎಂಜಿನಿಯರ್ ಕಾರಿನ ಬ್ರೇಕು ಯಾವಾಗ ಹಿಡಿಯಬೇಕು ಎಂಬ ಕೋಡನ್ನೇ ಬರೆದಿರಬಹುದು. ಆದರೆ ಅಲ್ಲಿ ನೆಲೆಸಿ ಏಳನೇ ತಿಂಗಳಿಗೆ ಕಾಲಿಟ್ಟ ಮೇಲೆ ಕರ್ನಾಟಕದ ಡಿಎಲ್ ನೆಚ್ಚಿಕೊಂಡು ಅದೇ ಕಾರಿನ ಸ್ಟಿಯರಿಂಗ್ ಹಿಡಿದರೆ ಅಪರಾಧ. ಚಲನ್ ಕಟ್ಟಿ ಕೈತೊಳೆದುಕೊಳ್ಳುವಂಥದ್ದೂ ಅಲ್ಲ. ಪರವಾನಗಿ ಇಲ್ಲದೆ ವಾಹನ ಓಡಿಸಿದವರನ್ನು ಒಂದು ವರ್ಷದವರೆಗೆ ಜೈಲಿಗೆ ಕಳಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಪರವಾನಗಿ ಇಲ್ಲದವರ ಕೈಗೆ ಗೊತ್ತಿದ್ದೂ ಕೀಲಿ ಕೊಟ್ಟ ಕಾರಿನ ಮಾಲೀಕನೂ ಸಿಕ್ಕಿಬೀಳುತ್ತಾನೆ.

ಆರು ತಿಂಗಳ ಈ ಗಡುವಿನ ಬಗ್ಗೆ ಜರ್ಮನಿಗೆ ಹೋಗುವವರೆಲ್ಲ ಕೇಳಿರುತ್ತಾರೆ. ಆದರೆ ಅದನ್ನು ಅರ್ಥ ಮಾಡಿಕೊಳ್ಳುವ ರೀತಿಯಲ್ಲೇ ಎಡವಟ್ಟಾಗುವುದು. ‘ಆರು ತಿಂಗಳು ನಮ್ಮ ಡಿಎಲ್ ನಡೆಯುತ್ತೆ, ಆಮೇಲೆ ನೋಡಿಕೊಂಡರಾಯಿತು’ ಎಂದು ನಿರಾಳವಾಗುವವರೇ ಹೆಚ್ಚು. ಆ ಆರು ತಿಂಗಳು ಪರೀಕ್ಷೆಗೆ ತಯಾರಾಗಲು ಇರುವ ಕಾಲ. ಏಕೆಂದರೆ ಜರ್ಮನಿಯ ರಸ್ತೆಯಲ್ಲಿ ನೀವು ಸ್ವಂತವಾಗಿ, ಪಾಠದ ಶುಲ್ಕ ಕಟ್ಟದೆ, ಕಾನೂನುಬದ್ಧವಾಗಿ ಕೈ ಪಳಗಿಸಿಕೊಳ್ಳಬಹುದಾದ ಅವಧಿ ಅದೊಂದೇ. ಗಡುವು ಮುಗಿದ ಮೇಲೆ ಸ್ನೇಹಿತನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಎಲ್’ ಬೋರ್ಡ್ ತಗುಲಿಸಿಕೊಂಡು ಓಡಿಸುವ ನಮ್ಮೂರಿನ ದಾರಿ ಅಲ್ಲಿಲ್ಲ. ಡ್ರೈವಿಂಗ್ ಶಾಲೆಯ ಕಾರು, ಶಾಲೆಯ ಮೇಷ್ಟ್ರು, ಗಂಟೆಗೆ ಇಷ್ಟು ಎಂಬ ಶುಲ್ಕ. ಮುಕ್ಕಾಲು ಗಂಟೆಯ ಒಂದು ಪಾಠಕ್ಕೆ ದೊಡ್ಡ ಊರುಗಳಲ್ಲಿ 60ರಿಂದ 80 ಯೂರೋ ಕೇಳುವುದು ಮಾಮೂಲು.

ಲೆಕ್ಕ ಶುರುವಾಗುವುದು ಅಲ್ಲಿ ನೆಲೆಸಿದ ದಿನದಿಂದ. ವರ್ಷದಲ್ಲಿ ಕನಿಷ್ಠ 185 ದಿನ ಅಲ್ಲಿ ವಾಸಿಸುವವರನ್ನು ಕಾನೂನು ‘ನೆಲೆಸಿದವರು’ ಎನ್ನುತ್ತದೆ. ಮನೆ ಸಿಕ್ಕಿದ ಎರಡು ವಾರದೊಳಗೆ ನಗರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬ ನಿಯಮವಿದೆಯಲ್ಲ, ಆ ಕಾಗದದ ಮೇಲಿನ ದಿನಾಂಕವೇ ಸಾಮಾನ್ಯವಾಗಿ ಪೊಲೀಸರ ಕಣ್ಣಿಗೆ ಬೀಳುವುದು. ಒಟ್ಟು ವಾಸ ಒಂದು ವರ್ಷ ಮೀರುವುದಿಲ್ಲ ಎಂದು ದಾಖಲೆ ಸಮೇತ ತೋರಿಸಿದರೆ ಗಡುವನ್ನು ಇನ್ನಾರು ತಿಂಗಳು ವಿಸ್ತರಿಸಿಕೊಡುತ್ತಾರೆ. ಕಂಪನಿಯ ಕೆಲಸದ ಮೇಲೆ ಹತ್ತು ಹನ್ನೊಂದು ತಿಂಗಳಿಗೆ ಹೋದವರಿಗೆ ಇದು ಉಪಯೋಗಕ್ಕೆ ಬರುತ್ತದೆ, ಉಳಿದವರಿಗೆ ಇಲ್ಲ.

ಹೊರಡುವ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದೇವಲ್ಲ, ಅದರ ಮೇಲೆ ಒಂದು ವರ್ಷ ಎಂದಿದೆಯಲ್ಲ ಎಂಬ ಪ್ರಶ್ನೆ ಏಳುತ್ತದೆ. ಆ ಪುಸ್ತಕ ನಿಮ್ಮ ಡಿಎಲ್ಲಿನ ವಿವರವನ್ನು ಬೇರೆ ಭಾಷೆಗಳಲ್ಲಿ ಹೇಳುತ್ತದೆ, ಅಷ್ಟೇ. ಡಿಎಲ್ಲಿಗೆ ಅಲ್ಲಿ ಎಷ್ಟು ಆಯುಷ್ಯವೋ ಪುಸ್ತಕಕ್ಕೂ ಅಷ್ಟೇ. ಪ್ರವಾಸಿಗೆ ಅದು ಬೇಕು, ನೆಲೆಸಿದವರ ಆರು ತಿಂಗಳನ್ನು ಅದು ಒಂದು ದಿನವೂ ಹಿಗ್ಗಿಸುವುದಿಲ್ಲ.

ಇದಕ್ಕಿಂತ ಅಪಾಯದ ಇನ್ನೊಂದು ಯೋಚನೆ ಇದೆ. ಅಲ್ಲಿಗೆ ಹೋದ ಮೇಲೆ ಶುಲ್ಕ ಕೇಳಿ ಬೆಚ್ಚಿ, ‘ಕ್ರಿಸ್‌ಮಸ್ ರಜೆಗೆ ಊರಿಗೆ ಹೋದಾಗ ದಾವಣಗೆರೆಯಲ್ಲೇ ಒಂದು ಡಿಎಲ್ ಮಾಡಿಸಿಕೊಂಡು ಬಂದುಬಿಡ್ತೀನಿ’ ಎಂದುಕೊಳ್ಳುವುದು. ಜರ್ಮನಿಯಲ್ಲಿ ನೆಲೆಸಿರುವಾಗ ರಜೆಯಲ್ಲಿ ಬಂದು ಬೇರೆ ದೇಶದಲ್ಲಿ ಪಡೆದ ಪರವಾನಗಿಗೆ ಅಲ್ಲಿ ಕವಡೆ ಕಾಸಿನ ಬೆಲೆಯಿಲ್ಲ. ಆರು ತಿಂಗಳ ಅವಕಾಶವೂ ಇಲ್ಲ, ವಿನಾಯಿತಿಯೂ ಇಲ್ಲ. ಕಾರ್ಡಿನ ಮೇಲಿನ ವಿತರಣೆಯ ದಿನಾಂಕವನ್ನೂ ಪಾಸ್‌ಪೋರ್ಟಿನ ಮುದ್ರೆಗಳನ್ನೂ ಅಧಿಕಾರಿ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ವಿನಾಯಿತಿ ಎಂದೆನಲ್ಲ, ಅದೇನು ಎಂದು ಬಿಡಿಸಿ ಹೇಳಬೇಕು. ಜರ್ಮನಿಯ ಪರವಾನಗಿ ನಿಯಮಾವಳಿಗೆ ಹನ್ನೊಂದನೇ ಅನುಬಂಧ ಎಂಬ ಒಂದು ಪಟ್ಟಿ ಅಂಟಿಕೊಂಡಿದೆ. ಅದರಲ್ಲಿರುವ ದೇಶಗಳವರು ಅರ್ಜಿ ಹಾಕಿ, ಹಳೆಯ ಕಾರ್ಡ್ ಕೊಟ್ಟು, ಹೊಸದನ್ನು ಪಡೆಯಬಹುದು. ಜಪಾನ್, ದಕ್ಷಿಣ ಕೊರಿಯಾ, ಸ್ವಿಟ್ಜರ್ಲೆಂಡ್, ಸಿಂಗಪುರ, ಇಸ್ರೇಲ್, ದಕ್ಷಿಣ ಆಫ್ರಿಕಾ, ನಮೀಬಿಯಾ ಎಲ್ಲ ಇವೆ. ಅಮೆರಿಕದ ಕೆಲವು ರಾಜ್ಯಗಳಿಗೆ ಪೂರ್ತಿ ಮಾಫಿ, ಕೆಲವಕ್ಕೆ ಥಿಯರಿ ಪರೀಕ್ಷೆ ಮಾತ್ರ, ಇನ್ನು ಕೆಲವಕ್ಕೆ ಯಾವ ಮಾಫಿಯೂ ಇಲ್ಲ. ಭಾರತ ಪಟ್ಟಿಯಲ್ಲಿಲ್ಲ. ಹಾಗಾಗಿ ನಮ್ಮವರು ಥಿಯರಿಯನ್ನೂ ಬರೆಯಬೇಕು, ರಸ್ತೆಯ ಮೇಲೂ ಓಡಿಸಿ ತೋರಿಸಬೇಕು. ಆದರೆ ಹದಿನೆಂಟರ ಜರ್ಮನ್ ಹುಡುಗ ಕೂರಲೇಬೇಕಾದ ತರಗತಿಗಳು, ಓಡಿಸಲೇಬೇಕಾದ ಹೆದ್ದಾರಿ ಮತ್ತು ರಾತ್ರಿಯ ಗಂಟೆಗಳು ನಮಗೆ ಕಡ್ಡಾಯವಲ್ಲ. ಆರು ತಿಂಗಳ ಗಡುವು ಕಳೆದರೂ, ಡಿಎಲ್ ಚಾಲ್ತಿಯಲ್ಲಿದ್ದರೆ, ಈ ಅನುಕೂಲ ಉಳಿಯುತ್ತದೆ. ಓಡಿಸುವಂತಿಲ್ಲ, ಅರ್ಜಿ ಹಾಕಬಹುದು.

ಪಟ್ಟಿಯಲ್ಲಿ ನಮ್ಮ ಹೆಸರಿಲ್ಲದ್ದನ್ನು ಅವಮಾನವೆಂದು ತೆಗೆದುಕೊಳ್ಳುವವರನ್ನು ನೋಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಎಂಟರ ಆಕಾರದಲ್ಲಿ ಒಂದು ಸುತ್ತು, ರಿವರ್ಸ್ ಒಂದು ಸಲ, ಮುಂದೆ ಹೋಗಿ ಸಹಿ ಹಾಕಿಸಿಕೊಳ್ಳಿ ಎನ್ನುವ ಪರೀಕ್ಷೆಯನ್ನು ಕಂಡವರು ಯಾರೂ ಅದು ಮ್ಯೂನಿಕ್‌ನ ಪರೀಕ್ಷೆಗೆ ಸಮ ಎಂದು ಎದೆತಟ್ಟಿ ಹೇಳಲಾರರು. ಈಚೆಗೆ ಸೆನ್ಸರ್ ಇರುವ ಟ್ರ್ಯಾಕ್‌ಗಳು ಬಂದಿವೆ, ಒಳ್ಳೆಯದೇ. ಆದರೂ ಅವು ಟ್ರ್ಯಾಕ್‌ಗಳು, ರಸ್ತೆಗಳಲ್ಲ.

ಅರ್ಜಿಯ ಕಟ್ಟಿನಲ್ಲಿ ಏನೇನಿರಬೇಕು ಎಂಬುದು ಸುಲಭದ ಭಾಗ. ಪಾಸ್‌ಪೋರ್ಟ್, ವಿಳಾಸ ನೋಂದಣಿಯ ಕಾಗದ, ಫೋಟೊ, ಡಿಎಲ್ ಮತ್ತು ಅದರ ಜರ್ಮನ್ ಅನುವಾದ. ಅನುವಾದವನ್ನು ಪ್ರಮಾಣಿತ ಅನುವಾದಕರಿಂದ ಅಥವಾ ಎಡಿಎಸಿ ಎಂಬ ಮೋಟಾರು ಸಂಘದಿಂದ ಮಾಡಿಸುವುದು ರೂಢಿ. ಕನ್ನಡಕದ ಅಂಗಡಿಯಲ್ಲೇ ಕಣ್ಣಿನ ಪರೀಕ್ಷೆ ಆಗುತ್ತದೆ, ಏಳೆಂಟು ಯೂರೋದೊಳಗೆ. ಯಾವ ಡ್ರೈವಿಂಗ್ ಶಾಲೆಯ ಮೂಲಕ ಪರೀಕ್ಷೆಗೆ ಹೋಗುತ್ತೀರಿ ಎಂಬುದನ್ನೂ ಬರೆಯಬೇಕು. ಇಷ್ಟನ್ನು ಹೊಂದಿಸಿಕೊಂಡ ಮೇಲೆ ಕಾಯುವುದು ನಿಮ್ಮ ಕೆಲಸ. ದೊಡ್ಡ ನಗರಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟಿಗೇ ವಾರಗಟ್ಟಲೆ, ಅರ್ಜಿ ಮಂಜೂರಾಗಲು ಮತ್ತಷ್ಟು ವಾರ. ಆರು ತಿಂಗಳಲ್ಲಿ ಎರಡು ಮೂರು ತಿಂಗಳು ಇಲ್ಲೇ ಕರಗುತ್ತದೆ. ಮನೆ ಹುಡುಕು, ಬ್ಯಾಂಕ್ ಖಾತೆ ತೆರೆ, ಆರೋಗ್ಯ ವಿಮೆ ಮಾಡಿಸು, ಮಕ್ಕಳಿಗೆ ಶಾಲೆ ನೋಡು ಎಂಬ ಗಡಿಬಿಡಿಯಲ್ಲಿ ಅರ್ಜಿಯನ್ನು ನಾಲ್ಕನೇ ತಿಂಗಳಿಗೆ ತಳ್ಳಿದವರ ಗತಿ ಊಹಿಸಿಕೊಳ್ಳಿ.

ಕಟ್ಟಿನಲ್ಲಿ ಇನ್ನೊಂದು ಕಾಗದವೂ ಬೇಕು, ಅದರ ಬಗ್ಗೆ ಎರಡು ಮಾತು ಹೆಚ್ಚೇ ಹೇಳುತ್ತೇನೆ. ಪ್ರಥಮ ಚಿಕಿತ್ಸೆಯ ಕೋರ್ಸ್ ಮುಗಿಸಿದ ಪ್ರಮಾಣಪತ್ರ. ಮುಕ್ಕಾಲು ಗಂಟೆಯ ಒಂಬತ್ತು ಪಾಠ, ಒಂದೇ ದಿನದಲ್ಲಿ. ಶನಿವಾರ ಬೆಳಿಗ್ಗೆ ಹೋದರೆ ಸಂಜೆಯ ಹೊತ್ತಿಗೆ ಮುಗಿಯುತ್ತದೆ. ಪ್ರಜ್ಞೆ ತಪ್ಪಿದವರನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆ, ಬೊಂಬೆಯ ಎದೆಯನ್ನು ಎಷ್ಟು ಆಳಕ್ಕೆ ಒತ್ತಬೇಕು, ಬೈಕ್ ಸವಾರನ ಹೆಲ್ಮೆಟ್ಟನ್ನು ಕತ್ತು ಅಲುಗದಂತೆ ಇಬ್ಬರು ಸೇರಿ ತೆಗೆಯುವುದು ಹೇಗೆ ಎಂದು ನೆಲದ ಮೇಲೆ ಮಂಡಿಯೂರಿ ಮಾಡಿಸುತ್ತಾರೆ. ಇಂಗ್ಲಿಷಿನಲ್ಲಿ ನಡೆಸುವ ತರಗತಿಗಳೂ ದೊಡ್ಡ ಊರುಗಳಲ್ಲಿವೆ. ನಮ್ಮವರು ಇದನ್ನು ಒಂದು ಕಾಟವೆಂದೇ ಶುರು ಮಾಡುತ್ತಾರೆ. ಆದರೆ ಇಡೀ ಪ್ರಕ್ರಿಯೆಯಲ್ಲಿ ಕರ್ನಾಟಕ ನಾಳೆಯೇ ನಕಲು ಮಾಡಿಕೊಳ್ಳಬೇಕಾದ ಒಂದು ಅಂಶವಿದ್ದರೆ ಅದು ಇದೇ. ಅಪಘಾತದ ಸುತ್ತ ಮೊಬೈಲ್ ಎತ್ತಿ ಹಿಡಿದು ನಿಂತ ಗುಂಪಿನಲ್ಲಿ ಪ್ರತಿಯೊಬ್ಬ ಡಿಎಲ್‌ದಾರನಿಗೂ ರಕ್ತ ನಿಲ್ಲಿಸಲು ಬಂದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು!

ಥಿಯರಿ ಪರೀಕ್ಷೆ ಕಂಪ್ಯೂಟರಿನ ಮೇಲೆ, ಟ್ಯುಫ್ ಅಥವಾ ಡೆಕ್ರಾ ಸಂಸ್ಥೆಯ ಕೇಂದ್ರದಲ್ಲಿ. ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ಭಂಡಾರದಿಂದ 30 ಬರುತ್ತವೆ. ಪ್ರತಿ ಪ್ರಶ್ನೆಗೂ ಎರಡರಿಂದ ಐದು ತಪ್ಪಂಕ. ಹತ್ತು ತಪ್ಪಂಕದವರೆಗೆ ಪಾಸು. ಆದರೆ ಐದಂಕದ ಎರಡು ಪ್ರಶ್ನೆ ತಪ್ಪಿದರೆ ಮೊತ್ತ ಹತ್ತೇ ಆದರೂ ಫೇಲು. ಜರ್ಮನ್ ಬಿಟ್ಟು ಇಂಗ್ಲಿಷ್, ತುರ್ಕಿ, ಅರಬ್ಬಿ ಸೇರಿ ಹನ್ನೆರಡು ಭಾಷೆಗಳಲ್ಲಿ ಬರೆಯಬಹುದು. ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ, ನಮ್ಮವರು ಇಂಗ್ಲಿಷನ್ನೇ ಆರಿಸಿಕೊಳ್ಳುತ್ತಾರೆ. ‘ಓದೋದೇನಿದೆ, ನಾಲ್ಕರಲ್ಲಿ ಒಂದು ಟಿಕ್ ಮಾಡೋದು ತಾನೇ’ ಎಂದು ಸಿಇಟಿ ಬರೆದ ಧೈರ್ಯದಲ್ಲಿ ಹೋದರೆ ಕೆಟ್ಟಿರಿ. ಇಲ್ಲಿ ಮೂರು ಉತ್ತರಗಳಲ್ಲಿ ಒಂದು ಸರಿಯಿರಬಹುದು, ಎರಡಿರಬಹುದು, ಮೂರೂ ಇರಬಹುದು. ಎಲ್ಲ ಸರಿಗಳನ್ನೂ ಗುರುತಿಸಿದರೆ ಮಾತ್ರ ಉತ್ತರ ಸರಿ.

ಲೆಕ್ಕದ ಪ್ರಶ್ನೆಗಳಿಗೆ ಆಯ್ಕೆಯೇ ಇರುವುದಿಲ್ಲ, ಸಂಖ್ಯೆಯನ್ನು ನೀವೇ ಬರೆಯಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ನಿಲ್ಲಲು ಎಷ್ಟು ದೂರ ಬೇಕು? ಅವರ ಸೂತ್ರ ಸರಳ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ನೀವು ಅಪಾಯ ಕಂಡು ಬ್ರೇಕಿಗೆ ಕಾಲಿಡುವ ಒಂದು ಸೆಕೆಂಡಿನಲ್ಲಿ ಕಾರು ಸಾಗುವ ದೂರ, ಅಂದರೆ 15 ಮೀಟರ್. ಹತ್ತರಿಂದ ಭಾಗಿಸಿದ್ದನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ, 25 ಮೀಟರ್. ಒಟ್ಟು 40. ಇದೇ ಸೂತ್ರದಲ್ಲಿ 100ರ ವೇಗಕ್ಕೆ ಲೆಕ್ಕ ಹಾಕಿ: 30 ಮತ್ತು 100, ಒಟ್ಟು 130 ಮೀಟರ್. ವೇಗ ಎರಡರಷ್ಟಾದರೆ ನಿಲ್ಲುವ ದೂರ ಮೂರರಷ್ಟನ್ನೂ ದಾಟುತ್ತದೆ. ಮೈಸೂರು ಹೆದ್ದಾರಿಯಲ್ಲಿ ಮುಂದಿನ ಕಾರಿನ ಬಂಪರಿಗೆ ಅಂಟಿಕೊಂಡು ಹೋಗುವ ನಮ್ಮಲ್ಲಿ ಎಷ್ಟು ಜನ ಈ ಗುಣಾಕಾರ ಒಂದು ಸಲವಾದರೂ ಮಾಡಿದ್ದೇವೆ?

ಇನ್ನು ರಸ್ತೆ ಪರೀಕ್ಷೆ. 2021ರಿಂದ ಇದರ ಅವಧಿ 55 ನಿಮಿಷ. ಚಾಲಕನ ಸೀಟಿನಲ್ಲಿ ನೀವು, ಪಕ್ಕದಲ್ಲಿ ಶಾಲೆಯ ಮೇಷ್ಟ್ರು, ಹಿಂದೆ ಪರೀಕ್ಷಕ. ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ನಿಮ್ಮನ್ನು ಕಾಪಾಡಲೆಂದು ಅವರು ಅದನ್ನು ಒತ್ತಿದರೆ ಪರೀಕ್ಷೆ ಅಲ್ಲಿಗೆ ಮುಗಿದಂತೆ. ಸ್ವಂತ ಕಾರಿನಲ್ಲಿ, ಮೇಷ್ಟ್ರಿಲ್ಲದೆ ಪರೀಕ್ಷೆ ಕೊಡುತ್ತೇನೆ ಎನ್ನುವಂತಿಲ್ಲ. ಹಾಗಾಗಿ ಕಡ್ಡಾಯ ಗಂಟೆಗಳಿಲ್ಲ ಎಂದು ಕಾನೂನು ಹೇಳಿದರೂ, ತಮ್ಮ ಶಾಲೆಯ ಹೆಸರಿನಲ್ಲಿ ಹೋಗುವವನ ಕೈ ಹೇಗಿದೆ ಎಂದು ನೋಡದೆ ಮೇಷ್ಟ್ರು ಪರೀಕ್ಷೆಗೆ ಬಿಡುವುದಿಲ್ಲ. ಕೆಲವೇ ಪಾಠಗಳಲ್ಲಿ ‘ಸಾಕು’ ಎನ್ನಿಸಿಕೊಂಡವರಿದ್ದಾರೆ, ಇಪ್ಪತ್ತು ದಾಟಿದವರೂ ಇದ್ದಾರೆ. ಊರಿನಲ್ಲಿ ಎಷ್ಟು ವರ್ಷ ಓಡಿಸಿದ್ದೀರಿ ಎಂಬುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಹೆಚ್ಚು ವರ್ಷ ಓಡಿಸಿದವರಿಗೇ ಹೆಚ್ಚು ಪಾಠ ಬೇಕಾಗುವುದೂ ಉಂಟು.

ಏಕೆ ಎಂದು ತಿಳಿಯಲು ಒಂದೇ ಒಂದು ಕೂಡುರಸ್ತೆ ಸಾಕು. ಮನೆಗಳ ಸಾಲಿನ ಒಂದು ಬೀದಿ, ವೇಗದ ಮಿತಿ 30. ಎರಡೂ ಬದಿ ನಿಂತ ಕಾರುಗಳು. ಮುಂದೆ ಬಲಗಡೆಯಿಂದ ಒಂದು ಸಣ್ಣ ಓಣಿ ಬಂದು ಸೇರುತ್ತದೆ. ಸಿಗ್ನಲ್ ಇಲ್ಲ, ಬೋರ್ಡ್ ಇಲ್ಲ, ನೆಲದ ಮೇಲೆ ಗೆರೆಯೂ ಇಲ್ಲ. ನೀವಿರುವುದು ಅಗಲದ ಬೀದಿ, ಅದು ಓಣಿ. ನಮ್ಮ ಲೆಕ್ಕದಲ್ಲಿ ದೊಡ್ಡ ರಸ್ತೆಯವನದ್ದೇ ದಾರಿ. ಜರ್ಮನಿಯಲ್ಲಿ ಯಾವ ಫಲಕವೂ ಇಲ್ಲದ ಕಡೆ ಬಲಗಡೆಯಿಂದ ಬರುವವರದ್ದೇ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಓಣಿಯಾಗಲಿ. ಹಾಗಾಗಿ ಕನ್ನಡಿ ನೋಡಿ, ಬ್ರೇಕಿಗೆ ಕಾಲಿಟ್ಟು, ಎರಡನೇ ಗೇರಿಗಿಳಿದು, ಕತ್ತು ತಿರುಗಿಸಿ ಓಣಿಯೊಳಗೆ ನೋಡಬೇಕು. ಯಾರೂ ಬರುತ್ತಿಲ್ಲವೆ? ಆಗ ಮುಂದೆ. ಇಪ್ಪತ್ತು ಮಾರು ಹೋದರೆ ಇನ್ನೊಂದು ಓಣಿ, ಮತ್ತೆ ಅಷ್ಟೂ ಕೆಲಸ. ಓಣಿ ಖಾಲಿಯಿತ್ತು, ಯಾರಿಗೂ ಏನೂ ಆಗಲಿಲ್ಲ ಎಂಬ ವಾದ ನಡೆಯುವುದಿಲ್ಲ. ನೀವು ನೋಡಲಿಲ್ಲ ಎಂಬುದನ್ನು ಹಿಂದಿನ ಸೀಟಿನವರು ನೋಡಿರುತ್ತಾರೆ. ಹಳದಿ ವಜ್ರದಾಕಾರದ ಫಲಕ ಕಂಡರೆ ಮಾತ್ರ ಲೆಕ್ಕ ಬದಲು. ಆಗ ದಾರಿ ನಿಮ್ಮದು, ಅಲ್ಲೂ ಓಣಿಗೊಮ್ಮೆ ಬ್ರೇಕ್ ಹಿಡಿಯುತ್ತ ಕೂತರೆ ಅದೂ ತಪ್ಪೇ.

ನಮ್ಮ ಚಾಲಕರಿಗೆ ಕೌಶಲ ಕಡಿಮೆ ಎಂದು ನಾನು ಒಪ್ಪುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಿಎಂಟಿಸಿ ಬಸ್ಸು, ಆಟೊ, ಡೆಲಿವರಿ ಹುಡುಗರ ಸ್ಕೂಟರುಗಳ ನಡುವೆ ಒಂದು ಗೀರೂ ಬೀಳದಂತೆ ಕಾರು ಹೊರತೆಗೆಯುವವರ ಕಣ್ಣಳತೆ ಸಾಮಾನ್ಯವಲ್ಲ. ಆದರೆ ಆ ಕಣ್ಣು ಮುಂದಕ್ಕೇ ನೆಟ್ಟಿರುತ್ತದೆ. ಹಿಂದಿನಿಂದ ಬರುವವರು ಹಾರನ್ ಹೊಡೆದು ತಿಳಿಸುತ್ತಾರೆ ಎಂಬ ಭರವಸೆಯ ಮೇಲೆ ನಮ್ಮ ಚಾಲನೆ ನಿಂತಿದೆ. ಜರ್ಮನಿಯಲ್ಲಿ ಊರೊಳಗೆ ಅಪಾಯವಿದ್ದಾಗ ಬಿಟ್ಟರೆ ಹಾರನ್ ಒತ್ತುವಂತಿಲ್ಲ, ಒತ್ತಿ ಎಚ್ಚರಿಸುವವರೂ ಇಲ್ಲ. ಬಲಕ್ಕೆ ತಿರುಗುವಾಗ ಪಕ್ಕದ ಸೈಕಲ್ ಪಥದಲ್ಲಿ ಸದ್ದಿಲ್ಲದೆ ಒಬ್ಬರು ನೇರ ಹೋಗುತ್ತಿರುತ್ತಾರೆ, ದಾರಿ ಅವರದ್ದು. ಕನ್ನಡಿಯಲ್ಲಿ ಅವರು ಕಾಣುವುದಿಲ್ಲ. ಭುಜದ ಮೇಲಿಂದ ಕತ್ತು ಹೊರಳಿಸಿ ನೋಡಿದರೆ ಮಾತ್ರ ಕಾಣುತ್ತಾರೆ. ಲೇನ್ ಬದಲಿಸುವಾಗ, ತಿರುಗುವಾಗ, ನಿಂತ ಜಾಗದಿಂದ ಹೊರಡುವಾಗ, ಪ್ರತಿ ಸಲವೂ ಈ ಕತ್ತಿನ ತಿರುವು ಬೇಕು. ಹತ್ತು ವರ್ಷ ಸ್ವಿಫ್ಟ್ ಓಡಿಸಿದ ಕತ್ತಿಗೆ ಇದು ಒಂದು ವಾರದಲ್ಲಿ ಬರುವುದಿಲ್ಲ.

ಬಲಬದಿಯ ಸಂಚಾರಕ್ಕೆ ಹೊಂದಿಕೊಳ್ಳುವುದೇ ಕಷ್ಟ ಎಂದು ಊರಲ್ಲಿ ಎಲ್ಲರೂ ಹೆದರಿಸುತ್ತಾರೆ. ಅದು ನಾಲ್ಕು ದಿನದ ಮಾತು. ವೈಪರ್ ಹಾಕಲು ಹೋಗಿ ಇಂಡಿಕೇಟರ್ ಹಾಕುವುದು, ಗೇರಿಗೆಂದು ಎಡಗೈ ಬಾಗಿಲಿಗೆ ಬಡಿಯುವುದು, ಅಷ್ಟೇ. ನಿಜವಾಗಿ ತೊಂದರೆ ಕೊಡುವುದು ನಿಧಾನ. ಎಚ್ಚರಿಕೆಯೆಂದು ಭಾವಿಸಿ 50ರ ರಸ್ತೆಯಲ್ಲಿ 35ರಲ್ಲಿ ಹೋದರೆ ಪರೀಕ್ಷಕರು ಅದನ್ನು ತಪ್ಪೆಂದೇ ಬರೆದುಕೊಳ್ಳುತ್ತಾರೆ. ಆಟೊಬಾನ್ ಸೇರುವಾಗ ಪಕ್ಕದ ಪಟ್ಟಿಯಲ್ಲಿ ಗಟ್ಟಿಯಾಗಿ ಆಕ್ಸಿಲರೇಟರ್ ಒತ್ತಿ, ಹೆದ್ದಾರಿಯ ವೇಗಕ್ಕೆ ಬಂದು ಸೇರಬೇಕು. ಸೇರುವ ಜಾಗದಲ್ಲಿ ನಿಂತು ಎಡೆ ಸಿಗಲೆಂದು ಕಾಯುವುದು ಅಲ್ಲಿ ಜೀವಕ್ಕೇ ಅಪಾಯ. ವೇಗದ ಮಿತಿಯಿಲ್ಲದ ಆಟೊಬಾನ್ ಎಂದು ನಮ್ಮಲ್ಲಿ ಹಾಡಿ ಹೊಗಳುತ್ತಾರಲ್ಲ, ಹಲವೆಡೆ ಮಿತಿಯಿದೆ, ಇಲ್ಲದ ಕಡೆಗೂ 130 ಎಂಬ ಸಲಹೆಯ ವೇಗವಿದೆ. ಬಲಗಡೆಯಿಂದ ನುಗ್ಗಿ ಓವರ್‌ಟೇಕ್ ಮಾಡುವಂತಿಲ್ಲ. ಸಂಚಾರ ನಿಂತಿತೆಂದರೆ ಎಡ ತುದಿಯ ಸಾಲಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಸರಿದು ನಡುವೆ ಆಂಬುಲೆನ್ಸಿಗೆ ದಾರಿ ಬಿಟ್ಟು ನಿಲ್ಲಬೇಕು. ಆಂಬುಲೆನ್ಸ್ ಬಂದ ಮೇಲಲ್ಲ, ವಾಹನಗಳು ತೆವಳಲು ಶುರುವಾದ ಕೂಡಲೇ.

ಖರ್ಚಿನ ಬಗ್ಗೆ ಹೇಳಿಬಿಡುತ್ತೇನೆ. ಥಿಯರಿಗೆ ಸುಮಾರು 25 ಯೂರೋ, ರಸ್ತೆ ಪರೀಕ್ಷೆಗೆ ಸುಮಾರು 130. ಶಾಲೆಯ ನೋಂದಣಿ, ಪರೀಕ್ಷೆಯ ದಿನದ ಶುಲ್ಕ, ಪಾಠಗಳು, ಅನುವಾದ, ಅರ್ಜಿ ಎಲ್ಲ ಸೇರಿ ಮೊದಲ ಸಲಕ್ಕೇ ಪಾಸಾದರೂ ಸಾವಿರ ಯೂರೋ ಆಚೀಚೆ. ಫೇಲಾದರೆ ಸಾಮಾನ್ಯವಾಗಿ ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆಯ ಶುಲ್ಕ. ಸೊನ್ನೆಯಿಂದ ಕಲಿಯುವ ಜರ್ಮನ್ನರಿಗೆ ಎರಡೂವರೆ ಮೂರು ಸಾವಿರ ದಾಟುತ್ತದೆ. ದುಬಾರಿಯಾಯಿತು ಎಂಬ ಗೊಣಗಾಟ ಅವರಲ್ಲೂ ಜೋರಾಗಿಯೇ ಇದೆ.

ಇಷ್ಟು ತಾಪತ್ರಯ ಬೇಕೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬರ್ಲಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಓದುವವರಿಗೆ ಬೇಡವೇ ಬೇಡ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ ಆಮೇಲೆ ದರ ಏರಿಸಿಕೊಂಡ ತಿಂಗಳ ಟಿಕೆಟ್ಟಿನಲ್ಲಿ ಇಡೀ ದೇಶದ ಊರ ಬಸ್ಸು, ಮೆಟ್ರೊ, ಪ್ರಾದೇಶಿಕ ರೈಲುಗಳಲ್ಲೆಲ್ಲ ಓಡಾಡಬಹುದು. ಸ್ಟುಟ್‌ಗಾರ್ಟ್ ಸುತ್ತಿನ ಹಳ್ಳಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗಬೇಕಾದವರ, ಎಳೆ ಮಗುವಿರುವವರ ಮಾತು ಬೇರೆ. ಅಂದಹಾಗೆ, ಕಾರಿನ ಪರವಾನಗಿ ಸಿಕ್ಕರೆ ಸ್ಕೂಟರ್ ತಂತಾನೇ ಬರುತ್ತದೆ ಎಂದುಕೊಳ್ಳಬೇಡಿ. ಅದರಲ್ಲಿ ಓಡಿಸಬಹುದಾದದ್ದು 50 ಸಿಸಿಯ, 45 ಕಿ.ಮೀ. ವೇಗ ಮೀರದ ಪುಟ್ಟ ಗಾಡಿ ಮಾತ್ರ. ನಮ್ಮ ಆ್ಯಕ್ಟಿವಾಕ್ಕೆ ಬೇರೆ ಪರವಾನಗಿ ಬೇಕು.

ಪಾಸಾದ ದಿನ ಹೊಸ ಕಾರ್ಡ್ ಕೊಡುವಾಗ ಭಾರತದ ಡಿಎಲ್ಲನ್ನು ಅವರು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಮುಂಚೆ ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಹೊಸ ಕಾರ್ಡ್ ಹದಿನೈದು ವರ್ಷ ಚಾಲ್ತಿಯಲ್ಲಿರುತ್ತದೆ, ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಗಂಭೀರ ತಪ್ಪು ಮಾಡಿದಾಗಲೆಲ್ಲ ಉತ್ತರದ ಫ್ಲೆನ್ಸ್‌ಬುರ್ಗ್ ಊರಿನಲ್ಲಿರುವ ಕಚೇರಿಯ ದಾಖಲೆಯಲ್ಲಿ ಅಂಕ ಸೇರುತ್ತದೆ. ಎಂಟಾದರೆ ಪರವಾನಗಿ ಹೋಯಿತು.

ಹೊರಡುವ ತಯಾರಿಯಲ್ಲಿರುವವರಿಗೆ ನನ್ನ ಮನವಿ ಇಷ್ಟು. ಡಿಎಲ್ ಇಲ್ಲದಿದ್ದರೆ ಹೊರಡುವ ಮುಂಚೆಯೇ ಮಾಡಿಸಿ, ಕಲಿಕಾ ಪರವಾನಗಿ ಲೆಕ್ಕಕ್ಕೆ ಬರುವುದಿಲ್ಲ. ಇದ್ದರೆ ಅದರ ಮುಕ್ತಾಯದ ದಿನಾಂಕ ನೋಡಿ. ನಮ್ಮ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮೂವತ್ತರೊಳಗೆ ಡಿಎಲ್ ಪಡೆದವರಿಗೆ ನಲವತ್ತರವರೆಗೆ, ಮೂವತ್ತು ದಾಟಿ ಪಡೆದವರಿಗೆ ಸಾಮಾನ್ಯವಾಗಿ ಹತ್ತು ವರ್ಷ. ಮುಗಿಯಲು ಒಂದು ವರ್ಷವಿರುವಾಗಲೇ ನವೀಕರಿಸಲು ಅವಕಾಶವಿದೆ, ಬೆಂಗಳೂರಿನಲ್ಲಿದ್ದಾಗಲೇ ಮುಗಿಸಿಕೊಳ್ಳಿ. ಕಾರ್ಡಿನ ಮೇಲಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರ ಅಕ್ಷರ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮವರ ಹಣೆಬರಹ, ಅದನ್ನು ಜರ್ಮನ್ ಗುಮಾಸ್ತರಿಗೆ ವಿವರಿಸುವ ಕಷ್ಟ ಬೇಡ. ಥಿಯರಿ ಪ್ರಶ್ನೆಗಳ ಆ್ಯಪನ್ನು ವೀಸಾ ಕಾಯುವ ದಿನಗಳಲ್ಲೇ ಶುರು ಮಾಡಿ. ವಿಳಾಸ ನೋಂದಣಿಯ ಕಾಗದ ಕೈಗೆ ಬಂದ ವಾರವೇ ಪರವಾನಗಿಗೂ ಅರ್ಜಿ ಹಾಕಿ. ಮತ್ತು ಬಾಡಿಗೆ ಕಾರನ್ನಾದರೂ ಪಡೆದು, ಆರು ತಿಂಗಳು ಮುಗಿಯುವ ಮುಂಚೆ, ವೇಗದ ಮಿತಿ 30 ಇರುವ ಆ ಬೋರ್ಡಿಲ್ಲದ ಬೀದಿಗಳಲ್ಲಿ ಸಾಕೆನಿಸುವಷ್ಟು ಓಡಿಸಿ.